ಸದ್ದು ಮಾಡಿದ್ದೆಲ್ಲ ಚಿನ್ನವಲ್ಲ: ಡಿಟೆಕ್ಟರ್ ಹಿಡಿದು ಹೊರಡುವ ಮುನ್ನ

ಗೂಡಲೂರು: ಮಳೆ ನಿಂತು ಬಿಸಿಲು ಕಾಣಿಸಿಕೊಂಡ ಒಂದು ಭಾನುವಾರ ಪಕ್ಕದ ಮನೆಯ ಹುಡುಗ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಜಗಲಿಗೆ ಬಂದ. ಬಿಚ್ಚಿದರೆ ಒಳಗೆ ಒಂದು ಕೋಲು, ಕೋಲಿನ ತುದಿಗೆ ತಟ್ಟೆಯಂಥ ಕಾಯಿಲ್, ಹಿಡಿಯ ಹತ್ತಿರ ಪುಟ್ಟ ಪರದೆ. ಮೆಟಲ್ ಡಿಟೆಕ್ಟರ್! ಸಂಬಳದಲ್ಲಿ ಉಳಿಸಿ ಆನ್‌ಲೈನ್‌ನಲ್ಲಿ ತರಿಸಿದ್ದನಂತೆ.

"ಮಾಮಾ, ಇದನ್ನು ನೋಡಿ" ಎಂದು ಮೊಬೈಲ್ ಮುಂದೆ ಹಿಡಿದ. ಆಸ್ಟ್ರೇಲಿಯಾದ ವಿಡಿಯೊ. ಟೋಪಿ ಹಾಕಿದ ಮುದುಕನೊಬ್ಬ ಕೆಂಪು ನೆಲದ ಮೇಲೆ ಇಂಥದ್ದೇ ಕೋಲನ್ನು ಅತ್ತಿತ್ತ ಆಡಿಸುತ್ತಾನೆ, ಸದ್ದು ಬರುತ್ತದೆ, ನಾಲ್ಕು ಏಟು ಅಗೆಯುತ್ತಾನೆ, ಅಂಗೈಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಹಳದಿ ಉಂಡೆ ಹೊಳೆಯುತ್ತದೆ.

"ಅಲ್ಲಿಯ ಮಣ್ಣೂ ಕೆಂಪು, ನಮ್ಮ ಮಣ್ಣೂ ಕೆಂಪು. ದೇವಾಲದಲ್ಲಿ ಬ್ರಿಟಿಷರು ಚಿನ್ನ ತೆಗೆದದ್ದು ಸುಳ್ಳೇನು ಮಾಮಾ? ಮುಂದಿನ ವಾರ ನಾವು ನಾಲ್ಕು ಜನ ಹಳೇ ಸುರಂಗದ ಕಡೆಗೆ ಹೋಗುತ್ತಿದ್ದೇವೆ" ಎಂದ.

ಅಷ್ಟರಲ್ಲಿ ಯಂತ್ರವನ್ನು ನಮ್ಮ ಹಿತ್ತಲಲ್ಲೇ ಪರೀಕ್ಷೆ ಮಾಡಿದ್ದಾಯಿತು. ಒಂದು ಗಂಟೆಯಲ್ಲಿ ಸಿಕ್ಕಿದ್ದು ಎರಡು ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಮುರಿದ ಕುಡುಗೋಲಿನ ತುಂಡು. ಅವನಿಗೆ ಇನ್ನೂ ಹುರುಪು ಬಂತು. ನನಗೆ ಹೆದರಿಕೆಯಾಯಿತು. ಹೆದರಿಕೆ ಯಂತ್ರದ್ದಲ್ಲ, ಹಳೇ ಸುರಂಗದ್ದು. ಹಾಗಾಗಿ ಈ ಬರಹ.

ನಾನು ಓದಿದ್ದು ಬಿ.ಎ., ವಿಜ್ಞಾನ ನನ್ನ ವಿಷಯವಲ್ಲ. ಆದರೆ ಗಣಿಯ ಬಾಯಿಗೆ ಹತ್ತಿರದ ಊರಲ್ಲಿ ಬಾಳಿದವನು. ಗಡಿಯ ಆಚೆ ಈಚೆ ಇರುವ ನಮ್ಮ ಊರುಗಳಲ್ಲಿ ಇಂಥ ಯಂತ್ರ ಕೊಂಡವರು, ಕೊಳ್ಳಬೇಕೆಂದಿರುವವರು ಈಗ ಇದ್ದಾರೆ. ಅವರೂ ಅವರ ಮನೆಯವರೂ ತಿಳಿದುಕೊಂಡಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಅಲ್ಲಿ ಅದು ಹವ್ಯಾಸ ಹೇಗಾಯಿತು?

ವಿಡಿಯೊದಲ್ಲಿ ತೋರಿಸುವುದು ಸುಳ್ಳೇನಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದಲ್ಲಿ 1851ರಲ್ಲಿ ಚಿನ್ನ ಸಿಕ್ಕಿ, ಪ್ರಪಂಚದ ಮೂಲೆ ಮೂಲೆಯಿಂದ ಜನ ಹಡಗು ಹತ್ತಿ ಬಂದರು. ಬಲ್ಲಾರಟ್, ಬೆಂಡಿಗೊ ಪಟ್ಟಣಗಳು ಬೆಳೆದದ್ದು ಆ ಚಿನ್ನದಿಂದ. ಅಲ್ಲಿಯ ನೆಲದ ವಿಶೇಷವೆಂದರೆ ಚಿನ್ನ ಪುಡಿಯಾಗಿ ಮಾತ್ರವಲ್ಲ, 'ನಗೆಟ್' ಎನ್ನುವ ಉಂಡೆಗಳಾಗಿಯೂ ಮೇಲ್ಮಣ್ಣಿನಲ್ಲೇ ಸಿಗುತ್ತದೆ. 1869ರ ಫೆಬ್ರವರಿಯಲ್ಲಿ ಮೊಲಿಯಾಗಲ್ ಎಂಬಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ ಸುಮಾರು 70 ಕಿಲೋ ತೂಕದ ಉಂಡೆ ಸಿಕ್ಕಿತು. 'ವೆಲ್‌ಕಮ್ ಸ್ಟ್ರೇಂಜರ್' ಎಂದು ಅದರ ಹೆಸರು. ಅದಿದ್ದದ್ದು ಮರದ ಬೇರಿನ ಬುಡದಲ್ಲಿ, ನೆಲದಿಂದ ಎರಡು ಬೆರಳಿನಷ್ಟು ಕೆಳಗೆ! ತೂಗುವ ತಕ್ಕಡಿ ಸಾಲದೆ ಅದನ್ನು ಅಡಿಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತು.

ಮೆಟಲ್ ಡಿಟೆಕ್ಟರ್ ಬಂದ ಮೇಲೆ ಹಳೆಯ ಗಣಿಗಾರರು ಬಿಟ್ಟುಹೋದದ್ದನ್ನು ಹುಡುಕುವುದು ಅಲ್ಲಿ ರಜಾದಿನದ ಹವ್ಯಾಸವಾಯಿತು. 1980ರಲ್ಲಿ ಕಿಂಗೋವರ್ ಊರಿನ ಹತ್ತಿರ ಒಬ್ಬರಿಗೆ ಸುಮಾರು ಒಂದಡಿ ಆಳದಲ್ಲಿ 27 ಕಿಲೋ ತೂಕದ ಉಂಡೆ ಸಿಕ್ಕಿತು. 'ಹ್ಯಾಂಡ್ ಆಫ್ ಫೇತ್' ಎಂಬ ಆ ಉಂಡೆ ಇವತ್ತಿಗೂ ಡಿಟೆಕ್ಟರಿನಿಂದ ಸಿಕ್ಕಿದವುಗಳಲ್ಲೆಲ್ಲ ದೊಡ್ಡದು. 2023ರಲ್ಲಿ ಇನ್ನೊಬ್ಬ ಹವ್ಯಾಸಿಗೆ 4.6 ಕಿಲೋ ತೂಕದ ಕಲ್ಲು ಸಿಕ್ಕಿ, ಅದರೊಳಗೆ 2.6 ಕಿಲೋ ಚಿನ್ನ ಇತ್ತು.

ಇಂಥವು ಸುದ್ದಿಯಾಗುವುದು ಅಪರೂಪ ಎಂಬ ಕಾರಣಕ್ಕೇ. ಮಿಕ್ಕ ಸಾವಿರಾರು ಜನ ಸಂಜೆ ಮನೆಗೆ ತರುವುದು ತುಕ್ಕು ಹಿಡಿದ ಮೊಳೆ, ಗುಂಡಿನ ಸೀಸ, ಡಬ್ಬಿಯ ಮುಚ್ಚಳ. ಅದನ್ನು ವಿಡಿಯೊ ಮಾಡಿ ಹಾಕಿದರೆ ಯಾರು ನೋಡುತ್ತಾರೆ?

ಇನ್ನೊಂದು ವಿಷಯ ವಿಡಿಯೊದಲ್ಲಿ ಕಾಣುವುದಿಲ್ಲ. ಆ ಮುದುಕನ ಜೇಬಿನಲ್ಲಿ ಒಂದು ಸರಕಾರಿ ಚೀಟಿ ಇರುತ್ತದೆ. 'ಮೈನರ್ಸ್ ರೈಟ್' ಎಂದು ಅದಕ್ಕೆ ಹೆಸರು. 1854ರಲ್ಲಿ ಬಲ್ಲಾರಟ್‌ನ ಯುರೇಕಾದಲ್ಲಿ ಗಣಿಗಾರರು ಲೈಸೆನ್ಸ್ ಶುಲ್ಕದ ವಿರುದ್ಧ ದಂಗೆ ಎದ್ದು, ರಕ್ತ ಹರಿದು, ಮಾರನೆಯ ವರ್ಷ ಸರಕಾರ ಕೊಟ್ಟ ಹಕ್ಕು ಅದು. ಈಗ ಸಣ್ಣ ಶುಲ್ಕ ಕಟ್ಟಿದರೆ ಹತ್ತು ವರ್ಷಕ್ಕೆ ಸಿಗುತ್ತದೆ. ಸಿಕ್ಕಿದ ಚಿನ್ನ ಸಿಕ್ಕಿದವನದೇ. ಆದರೆ ಷರತ್ತುಗಳಿವೆ. ಕೈಯಲ್ಲಿ ಹಿಡಿಯುವ ಹತ್ಯಾರು ಮಾತ್ರ, ಜೆಸಿಬಿ ಇಲ್ಲ, ಸಿಡಿಮದ್ದು ಇಲ್ಲ. ಖಾಸಗಿ ಜಮೀನಾದರೆ ಮಾಲೀಕನ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಪಾಲು ನಿಷೇಧ. ಅಲ್ಲಿಯ ಮೂಲನಿವಾಸಿಗಳ ಪರಂಪರೆಯ ಜಾಗ ಮುಟ್ಟುವಂತಿಲ್ಲ. ತೋಡಿದ ಗುಂಡಿಯನ್ನು ತೋಡಿದವನೇ ಮುಚ್ಚಬೇಕು.

ಯಂತ್ರ ಏನನ್ನು ಕೇಳಿಸಿಕೊಳ್ಳುತ್ತದೆ?

ಡಿಟೆಕ್ಟರಿಗೆ ಚಿನ್ನದ ವಾಸನೆ ತಿಳಿಯುವುದಿಲ್ಲ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ವಿದ್ಯುತ್ ಹರಿದಾಗ ನೆಲದೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಆ ಕ್ಷೇತ್ರ ಒಂದೇ ಸಮನೆ ಬದಲಾಗುತ್ತಿರುವುದರಿಂದ ಕೆಳಗಿರುವ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳಿಗೂ ತಮ್ಮದೇ ಕಾಂತಕ್ಷೇತ್ರ ಇರುತ್ತದೆ. ಅದನ್ನು ಹಿಡಿದು ಯಂತ್ರ ಸದ್ದು ಮಾಡುತ್ತದೆ. ಬಾವಿಗೆ ಕೂಗಿ ಪ್ರತಿಧ್ವನಿ ಕೇಳಿಸಿಕೊಂಡ ಹಾಗೆ ಎಂದು ತಿಳಿಯಿರಿ.

ಎರಡು ಬಗೆಯ ಯಂತ್ರಗಳಿವೆ. ಒಂದು ಬಿಡದೆ ಕೂಗುತ್ತಲೇ ಕೇಳಿಸಿಕೊಳ್ಳುವಂಥದ್ದು, ಇದನ್ನು ವಿಎಲ್‌ಎಫ್ ಎನ್ನುತ್ತಾರೆ. ಇನ್ನೊಂದು ಒಮ್ಮೆ ಕೂಗಿ, ಸುಮ್ಮನಾಗಿ, ಆಮೇಲೆ ಕೇಳಿಸಿಕೊಳ್ಳುವಂಥದ್ದು, ಇದು ಪಲ್ಸ್ ಇಂಡಕ್ಷನ್. ಕಬ್ಬಿಣದ ಅಂಶ ತುಂಬಿದ ಕೆಂಪು ನೆಲದಲ್ಲಿ ಮಣ್ಣೇ ಸದ್ದು ಮಾಡಿ ಮೊದಲ ಬಗೆಯ ಯಂತ್ರ ಗೊಂದಲಕ್ಕೆ ಬೀಳುತ್ತದೆ. ಅಂಥ ನೆಲಕ್ಕೆಂದೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹುಟ್ಟಿದ ಮೈನ್‌ಲ್ಯಾಬ್ ಕಂಪನಿ 1990ರ ದಶಕದಲ್ಲಿ ಎರಡನೆಯ ಬಗೆಯ ಯಂತ್ರಗಳನ್ನು ಹೊರತಂದಿತು. ಒಳ್ಳೆಯ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ. ನಮ್ಮ ಹುಡುಗ ತರಿಸಿದ್ದು ಕೆಲವು ಸಾವಿರದ್ದು. ನಮ್ಮ ಜಂಬಿಟ್ಟಿಗೆ ನೆಲದ ಮೇಲೆ ಆಡಿಸಿದರೆ ಅದು ಸುಮ್ಮಸುಮ್ಮನೆ ಗುಂಯ್‌ಗುಡುತ್ತದೆ.

ಆಳದ ಲೆಕ್ಕವೂ ಗೊತ್ತಿರಲಿ. ಅಕ್ಕಿಕಾಳಿನಷ್ಟು ಚಿನ್ನ ಕೆಲವೇ ಅಂಗುಲ ಆಳದಲ್ಲಿದ್ದರೆ ಮಾತ್ರ ಸಿಕ್ಕೀತು. ಮುಷ್ಟಿ ಗಾತ್ರದ್ದಾದರೆ ಒಳ್ಳೆಯ ಯಂತ್ರಕ್ಕೆ ಎರಡು ಮೂರು ಅಡಿಯವರೆಗೆ ತಿಳಿಯಬಹುದು. 'ಐವತ್ತು ಅಡಿ ಆಳದ ನಿಧಿ ತೋರಿಸುತ್ತೇವೆ', 'ಅರ್ಧ ಕಿಲೋಮೀಟರ್ ದೂರದಿಂದ ಚಿನ್ನ ಪತ್ತೆ ಮಾಡುತ್ತೇವೆ' ಎಂದು ಆಂಟೆನಾ ಸಿಕ್ಕಿಸಿದ ಡಬ್ಬಿ ಮಾರುವವರು ಬಂದರೆ ನಂಬಬೇಡಿ. ಅಂಥ ವಿಜ್ಞಾನ ಇಲ್ಲ. ರೈಸ್ ಪುಲ್ಲಿಂಗ್ ಚೆಂಬಿನ ಹೆಸರಲ್ಲಿ ಹಣ ನುಂಗಿದವರ ಅಣ್ಣತಮ್ಮಂದಿರು ಅವರು.

ಆದೋನಿ, ರಾಯದುರ್ಗದ ಕಡೆಯ ಓದುಗರಿಗೆ ಒಂದು ಮಾತು. ಮುಂಗಾರಿನ ಮೊದಲ ಮಳೆ ಬಿದ್ದಾಗ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಹೊಲಗಳಿಗೆ ಜನ ವಜ್ರ ಹುಡುಕಲು ಹೋಗುವುದು ನಿಮಗೆ ಗೊತ್ತೇ ಇದೆ. ವಜ್ರ ಲೋಹವಲ್ಲ. ಎಷ್ಟು ದುಬಾರಿಯ ಡಿಟೆಕ್ಟರ್ ಆದರೂ ವಜ್ರದ ಮುಂದೆ ಮೂಕ. ಅಲ್ಲಿ ಕಣ್ಣೇ ಸಾಧನ.

ವಯನಾಡು ಒಮ್ಮೆ ಮೋಸಹೋದ ಕತೆ

'ಅಲ್ಲಿಯ ಮಣ್ಣೂ ಕೆಂಪು, ನಮ್ಮ ಮಣ್ಣೂ ಕೆಂಪು' ಎಂದನಲ್ಲ ಹುಡುಗ, ಅದೇ ಮಾತಿನಿಂದ ನಮ್ಮ ಸೀಮೆ ಒಮ್ಮೆ ಕೆಟ್ಟಿದೆ.

ದೇವಾಲ, ಪಂದಲೂರು ಸುತ್ತಿನ ಹಳ್ಳಗಳಲ್ಲಿ ಇಲ್ಲಿಯ ಬುಡಕಟ್ಟಿನವರು ಹಿಂದಿನಿಂದಲೂ ಮರದ ಮರಿಗೆಯಲ್ಲಿ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಕಾಫಿ ತೋಟ ಮಾಡಿದ ಬ್ರಿಟಿಷರ ಕಣ್ಣು ಅದರ ಮೇಲೆ ಬಿತ್ತು. 1879ರಲ್ಲಿ ಸರಕಾರ ಒಬ್ಬ ತಜ್ಞರನ್ನು ಕರೆಸಿತು. ಹೆಸರು ರಾಬರ್ಟ್ ಬ್ರೌ ಸ್ಮಿತ್. ಎಲ್ಲಿಯವರು ಗೊತ್ತೇ? ಅದೇ ವಿಕ್ಟೋರಿಯದಿಂದ ಬಂದವರು. ಅಲ್ಲಿಯ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದು, 1869ರಲ್ಲಿ ಆ ರಾಜ್ಯದ ಚಿನ್ನದ ಸೀಮೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು.

1880ರಲ್ಲಿ ಅವರ ವರದಿ ಬಂತು. ವಯನಾಡಿನ ಬೆಣಚುಕಲ್ಲಿನ ಪದರಗಳ ಬಗ್ಗೆ ತುಂಬ ಭರವಸೆಯ ಮಾತಿತ್ತು. ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಎದ್ದವು. ಲಕ್ಷಾಂತರ ಪೌಂಡಿನ ಶೇರು ಮಾರಾಟವಾಯಿತು. ಯಂತ್ರಗಳು ಹಡಗಿನಲ್ಲಿ ಬಂದು ಘಾಟಿ ಹತ್ತಿದವು. ಬೆಟ್ಟಕ್ಕೆ ಬಾವಿ ತೋಡಿದರು, ಸುರಂಗ ಕೊರೆದರು. ಕಲ್ಲು ಅರೆದು ನೋಡಿದರೆ ಖರ್ಚಿಗೂ ಸಾಲದಷ್ಟು ಚಿನ್ನ! ಎರಡು ಮೂರು ವರ್ಷದಲ್ಲಿ ಕಂಪನಿಗಳು ಒಂದರ ಮೇಲೊಂದು ಬಿದ್ದವು. ಶೇರು ಕೊಂಡವರು ಮುಳುಗಿದರು. ಗಣಿಯವರು ಹೋದರು, ಬಾವಿಗಳೂ ಸುರಂಗಗಳೂ ಉಳಿದವು. ಅವುಗಳ ಮೇಲೆ ಕಾಡು ಬೆಳೆಯಿತು, ಚಹಾ ತೋಟ ಬಂತು.

ಕಾರಣ ಸರಳ. ನಮ್ಮ ಕಡೆಯ ಚಿನ್ನ ಬಹುಪಾಲು ಗಟ್ಟಿ ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ನುಣ್ಣಗೆ ಹರಡಿಕೊಂಡಿದೆ. ಒಂದು ಟನ್ ಕಲ್ಲು ಅರೆದರೆ ಕೆಲವು ಗ್ರಾಂ. ಕೋಲಾರ ಇದಕ್ಕಿಂತ ಎಷ್ಟೋ ಶ್ರೀಮಂತ ಗಣಿ. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟಿತು. ಅದಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ಕೊನೆಗೆ ಖರ್ಚು ಹೆಚ್ಚಾಗಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂಥ ನುಣ್ಣನೆಯ ಚಿನ್ನ ಡಿಟೆಕ್ಟರಿಗೆ ಕೇಳಿಸುವುದೇ ಇಲ್ಲ. ಚಿನ್ನ ತುಂಬಿದ ಕಲ್ಲಿನ ಮೇಲೆಯೇ ಕಾಯಿಲ್ ಇಟ್ಟರೂ ಯಂತ್ರ ಸುಮ್ಮನೆ ಇರುತ್ತದೆ. ಪಕ್ಕದಲ್ಲಿ ಬಿದ್ದ ಬೀಡಿ ಕಟ್ಟಿನ ತಗಡಿಗೆ ಕೂಗುತ್ತದೆ.

ಕಾಲಡಿಯ ಬಾವಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಚಿನ್ನ ಸಿಗದಿದ್ದರೆ ಹೋಗಲಿ, ಒಂದು ದಿನ ಹಾಳು ಅಷ್ಟೇ. ಜೀವಕ್ಕೆ ಕುತ್ತು ಬರುವುದು ಹಳೆಯ ಗಣಿಯಿಂದ.

ವಿಕ್ಟೋರಿಯದ ಚಿನ್ನದ ಸೀಮೆಯಲ್ಲಿ ಬಿಟ್ಟುಹೋದ ಸಾವಿರಾರು ಗಣಿಬಾವಿಗಳಿವೆ. ಕೆಲವಕ್ಕೆ ಆಗಿನ ಕಾಲದಲ್ಲಿ ಮರದ ದಿಮ್ಮಿ ಅಡ್ಡ ಹಾಕಿ ಮಣ್ಣು ಎಳೆದಿದ್ದರು. ದಿಮ್ಮಿ ಲಡ್ಡಾಗಿದೆ, ಮೇಲೆ ಎಲೆ ಬಿದ್ದಿದೆ, ನೋಡಿದರೆ ಗಟ್ಟಿ ನೆಲದ ಹಾಗೆಯೇ ಕಾಣುತ್ತದೆ. ಡಿಟೆಕ್ಟರ್ ಹಿಡಿದವನ ಕಣ್ಣು ಕಾಯಿಲ್ ಮೇಲೆ, ಕಿವಿ ಹೆಡ್‌ಫೋನಿನಲ್ಲಿ. ಹಿಂದೆ ಹೆಜ್ಜೆ ಇಟ್ಟನೆಂದರೆ ಮುಗಿಯಿತು. ಅಲ್ಲಿಯ ಅನುಭವಿಗಳು ಹೇಳುವುದಿಷ್ಟು: ಸುತ್ತ ಬಣ್ಣ ಬೇರೆಯಾದ ಮಣ್ಣಿನ ಗುಡ್ಡೆ ಕಂಡರೆ ಹತ್ತಿರದಲ್ಲೇ ಬಾವಿ ಇದೆ ಎಂದು ತಿಳಿ. ಅಂಚಿನವರೆಗೆ ಹೋಗಿ ಬಗ್ಗಿ ನೋಡಬೇಡ. ಅಂಚು ಒಳಗಿನಿಂದ ಕೊರೆದುಹೋಗಿ ಸೂರಿನ ಹಾಗೆ ಚಾಚಿಕೊಂಡಿರುತ್ತದೆ.

ದೇವಾಲ ಸುತ್ತಿನ ಕಾಡಿನಲ್ಲಿ, ತೋಟದ ಅಂಚಿನಲ್ಲಿ, ಆಂಧ್ರದ ರಾಮಗಿರಿಯ ಮುಚ್ಚಿದ ಗಣಿಗಳ ಕಡೆ, ಕೋಲಾರದ ಸುತ್ತ ಈ ಮಾತು ಅಷ್ಟೇ ನಿಜ. ಮಳೆಗಾಲ ಕಳೆದ ಮೇಲಂತೂ ನೆನೆದ ಮಣ್ಣು ಯಾವಾಗ ಕುಸಿದೀತು ಹೇಳಲಾಗದು. ನಮ್ಮ ತಾಲೂಕಿನ ಹಳೇ ಸುರಂಗಗಳಿಗೆ ಕದ್ದು ಇಳಿದು, ಮಣ್ಣಿನಡಿ ಸಿಕ್ಕಿ ಸತ್ತವರಿದ್ದಾರೆ.

ಕುಸಿತಕ್ಕಿಂತ ಮೋಸಗಾರ ಗಾಳಿ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ. ಮುಚ್ಚಿದ ಸುರಂಗದಲ್ಲಿ ಕೊಳೆಯುವ ಮರ, ತುಕ್ಕು ಹಿಡಿಯುವ ಅದಿರು ಅದನ್ನು ಕುಡಿದುಬಿಡುತ್ತವೆ. ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಆಮ್ಲಜನಕ 16ಕ್ಕೆ ಇಳಿದರೆ ಬುದ್ಧಿ ಮಂಕಾಗುತ್ತದೆ, 10ರ ಹತ್ತಿರ ಎಚ್ಚರ ತಪ್ಪುತ್ತದೆ, 6ಕ್ಕಿಂತ ಕಡಿಮೆಯಾದರೆ ನಿಮಿಷಗಳಲ್ಲಿ ಸಾವು. ಬುದ್ಧಿ ಮಂಕಾದವನಿಗೆ ತನ್ನ ಬುದ್ಧಿ ಮಂಕಾಗಿದೆ ಎಂದೇ ಗೊತ್ತಾಗುವುದಿಲ್ಲ. ಅಪಾಯ ಇರುವುದು ಅಲ್ಲೇ.

ಹಾಳು ಬಾವಿಯ ಹೂಳೆತ್ತಲು ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದ ತಮ್ಮನೂ ಬರಲಿಲ್ಲ ಎಂಬ ಸುದ್ದಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಸುರಂಗದಲ್ಲೂ ಆಗುವುದು ಹಾಗೆಯೇ. ದೀಪ ಇಳಿಸಿ ನೋಡುವ ಹಳೆಯ ಉಪಾಯವನ್ನೂ ನೆಚ್ಚಬೇಡಿ. ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು. ಹತ್ತಿಕೊಳ್ಳುವ ಅನಿಲವಿದ್ದರೆ ದೀಪವೇ ಕೊಳ್ಳಿಯಾಗುತ್ತದೆ. ಒಳಗೆ ಯಾರಾದರೂ ಬಿದ್ದರೆ ಹಿಂದೆ ಇಳಿಯಬೇಡಿ. ಹೊರಗಿನಿಂದ ಕೂಗಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳ ಕರೆಸಿ. ಉಸಿರಾಟದ ಉಪಕರಣ ಇರುವುದು ಅವರ ಬಳಿ.

ದಾರಿ ತಪ್ಪುವುದು, ಬಿಸಿಲು, ಆನೆ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಿನ್ನ ಹುಡುಕಲು ಹೋಗಿ ದಾರಿ ತಪ್ಪಿ, ಬಿಸಿಲಲ್ಲಿ ನೀರಿಲ್ಲದೆ ಸತ್ತವರಿದ್ದಾರೆ. ಗಾಡಿಯಿಂದ ನೂರು ಹೆಜ್ಜೆ ಎಂದುಕೊಂಡು ಹೊರಟವರು, ತಲೆ ತಗ್ಗಿಸಿ ಸದ್ದಿನ ಹಿಂದೆ ಹೋಗಿ ಹೋಗಿ, ತಲೆ ಎತ್ತಿದಾಗ ಎಲ್ಲ ಕಡೆ ಒಂದೇ ತರಹದ ಪೊದೆ. ಹಾಗಾಗಿ ಅಲ್ಲಿಯವರು ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗುತ್ತಾರೆ. ಜಿಪಿಎಸ್‌ನಲ್ಲಿ ಗಾಡಿ ನಿಲ್ಲಿಸಿದ ಜಾಗ ಗುರುತು ಮಾಡುತ್ತಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ ಸೊಂಟದಲ್ಲಿ ಇರುತ್ತದೆ. ದಾರಿ ತಪ್ಪಿದರೆ ಅಲೆಯಬೇಡ, ಗಾಡಿ ಹತ್ತಿರವೇ ನೆರಳಲ್ಲಿ ಇರು ಎನ್ನುವುದು ಅವರ ಮೊದಲ ಪಾಠ.

ಬಿಸಿಲಿನ ವಿಷಯ ರಾಯದುರ್ಗ, ಸೊಲ್ಲಾಪುರ, ಜತ್ತದ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ನೆನಪಿರಲಿ: ಬಿಸಿಲಲ್ಲಿ ಅಗೆಯುವವನು ಮಾತು ತೊದಲಿದರೆ, ತಬ್ಬಿಬ್ಬಾದರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬಾರದು. ಎಚ್ಚರವಾಗಿದ್ದು ಬರೀ ಬಾಯಾರಿ ಬಳಲಿದವನಿಗಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು.

ನಮ್ಮ ಕಾಡಿನಲ್ಲಿ ಆಸ್ಟ್ರೇಲಿಯಾದಲ್ಲಿ ಇಲ್ಲದ್ದೂ ಒಂದಿದೆ, ಆನೆ. ಗೂಡಲೂರು, ವಯನಾಡು, ತಾಳವಾಡಿಯವರಿಗೆ ಕಿವಿಯೇ ಕಾವಲು. ಬಿದಿರು ಮುರಿದ ಸದ್ದು, ಕೊಂಬೆ ಅಲುಗಿದ ಸದ್ದು ಕೇಳಿಯೇ ನಾವು ದಾರಿ ಬದಲಿಸುವುದು. ಎರಡು ಕಿವಿಗೂ ಹೆಡ್‌ಫೋನ್ ಸಿಕ್ಕಿಸಿ ಪೊದೆಯಲ್ಲಿ ಬಗ್ಗಿ ನಿಂತವನ ಗತಿ ಏನು? ಹಂದಿಗೆಂದು ಕದ್ದು ಹಾಕಿದ ಉರುಳಿನ ತಂತಿಯೋ ಕರೆಂಟ್ ತಂತಿಯೋ ಕಂಡರೆ ಎಳೆದು ನೋಡಲು ಹೋಗಬೇಡಿ. ಬಯಲಲ್ಲಿ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಪಕ್ಕಾ ಕಟ್ಟಡಕ್ಕೋ ಕಾರಿನೊಳಗೋ ಹೋಗಿ. ಒಂಟಿ ಮರದ ಅಡಿ ನಿಲ್ಲಬೇಡಿ.

ಹಾವು: ಅಲ್ಲಿಯ ಮದ್ದು ಇಲ್ಲಿಗಲ್ಲ

ಈ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಆಸ್ಟ್ರೇಲಿಯಾದ ವಿಡಿಯೊಗಳಲ್ಲಿ ಹಾವು ಕಚ್ಚಿದರೆ ಅಗಲವಾದ ಬಟ್ಟೆಯ ಪಟ್ಟಿಯನ್ನು ಕೈಕಾಲಿನ ಉದ್ದಕ್ಕೂ ಬಿಗಿಯಾಗಿ ಸುತ್ತುವುದನ್ನು ತೋರಿಸುತ್ತಾರೆ. ಅಲ್ಲಿಯ ಕಂದು ಹಾವು ಮೊದಲಾದವುಗಳ ವಿಷ ಮೈಗೆ ಹರಡುವುದನ್ನು ಅದು ನಿಧಾನ ಮಾಡುತ್ತದೆ. ಅವರಿಗೆ ಅದು ಸರಿ.

ನಮ್ಮಲ್ಲಿ ಹೆಚ್ಚು ಜನರ ಜೀವ ತೆಗೆಯುವ ನಾಲ್ಕು ಹಾವುಗಳು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಂಡಲದ ಹಾವುಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿದು ಕಟ್ಟಿದರೆ ವಿಷ ಒಂದೇ ಕಡೆ ನಿಂತು ಕೈಯನ್ನೋ ಕಾಲನ್ನೋ ಕಳೆದುಕೊಳ್ಳಬೇಕಾಗಬಹುದು. ಆದ್ದರಿಂದ ನಮ್ಮ ವೈದ್ಯರ ಸಲಹೆ ಬೇರೆ. ಧೈರ್ಯ ಹೇಳಿ, ನಡೆಸಬೇಡಿ, ಮೂಳೆ ಮುರಿದವರಿಗೆ ಮಾಡುವ ಹಾಗೆ ಕೋಲು ಆಸರೆ ಕೊಟ್ಟು ಕೈಕಾಲು ಅಲುಗದಂತೆ ಮಾಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಮಂತ್ರದವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ. ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ಕಚ್ಚಿಸಿಕೊಳ್ಳದಿರುವುದೇ ಲೇಸು. ಕಲ್ಲಿನ ಸಂದಿಗೆ, ಬಿಲಕ್ಕೆ ಕೈ ಹಾಕಬಾರದು. ಸದ್ದು ಬಂದ ಕಡೆ ಮೊದಲು ಉದ್ದ ಹಿಡಿಯ ಗುದ್ದಲಿಯಿಂದ ಎಲೆ ಸರಿಸಬೇಕು. ಚಪ್ಪಲಿ ಸಾಲದು, ಮೊಣಕಾಲಿನ ಹತ್ತಿರಕ್ಕೆ ಬರುವ ಬೂಟು ಬೇಕು.

ಗಣಿಯ ಮಣ್ಣು ಮಕ್ಕಳಾಟದ ಮಣ್ಣಲ್ಲ

ಚಿನ್ನದ ಅದಿರಿನ ಜೊತೆ ಹಲವು ಕಡೆ ಆರ್ಸೆನಿಕ್ ಎಂಬ ವಿಷವೂ ಇರುತ್ತದೆ. ಅದಿರು ಅರೆದು ಬಿಸಾಡಿದ ಮಣ್ಣಿನಲ್ಲಿ ಅದು ಉಳಿದಿರುತ್ತದೆ. ವಿಕ್ಟೋರಿಯದ ಹಳೆಯ ಗಣಿ ದಿಬ್ಬಗಳ ಮೇಲೆ ಓಡಾಡಿದವರು ಕೈ ತೊಳೆಯದೆ ತಿನ್ನಬಾರದು, ಬೂಟನ್ನು ಮನೆಯೊಳಗೆ ತರಬಾರದು ಎಂದು ಹೇಳುವುದು ಇದಕ್ಕೆ. ಕೋಲಾರದಲ್ಲಿ ಜನ ಸೈನೈಡ್ ದಿಬ್ಬ ಎಂದು ಕರೆಯುವ ಬೂದು ಗುಡ್ಡಗಳೂ ಅರೆದ ಅದಿರಿನ ಉಳಿಕೆಯೇ. ಬೇಸಿಗೆಯ ಗಾಳಿಗೆ ಆ ಧೂಳು ಊರೆಲ್ಲ ಹರಡುತ್ತದೆ. ಅಲ್ಲಿ ಅಗೆದು, ಮಣ್ಣು ಮನೆಗೆ ತಂದು ಅಂಗಳದಲ್ಲಿ ತೊಳೆದರೆ ಮೊದಲು ಅದು ಸೇರುವುದು ಮಕ್ಕಳ ಬಾಯಿಗೆ.

ಚಿನ್ನದ ಪುಡಿ ಹಿಡಿಯಲು ಪಾದರಸ ಬೆರೆಸಿ ಒಲೆಯ ಮೇಲೆ ಕಾಯಿಸುವ ಪದ್ಧತಿ ಇನ್ನೂ ಅಪಾಯದ್ದು. ಪಾದರಸ ಆವಿಯಾಗಿ ಶ್ವಾಸಕೋಶಕ್ಕೂ ನರಕ್ಕೂ ಇಳಿಯುತ್ತದೆ. ಇದನ್ನು ಯಾವ ವಿಡಿಯೊ ತೋರಿಸಿದರೂ ಅಡುಗೆಮನೆಯಲ್ಲಿ ಮಾಡಬೇಡಿ.

ಕಾನೂನು ಏನು ಹೇಳುತ್ತದೆ?

ವಿಕ್ಟೋರಿಯದ ಮುದುಕನ ಜೇಬಿನಲ್ಲಿರುವಂಥ ಹವ್ಯಾಸದ ಚೀಟಿ ನಮ್ಮ ದೇಶದಲ್ಲಿ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಚಿನ್ನ ಅಗೆಯುವುದು ಅಪರಾಧ. ಐದು ವರ್ಷದವರೆಗೆ ಜೈಲು, ದೊಡ್ಡ ದಂಡ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಇದೆ. ಹಳೇ ಕೋಟೆ, ಗುಡಿಗಳ ಬಳಿ ಡಿಟೆಕ್ಟರ್ ಹಿಡಿದು ಅಗೆಯುವ ನಿಧಿಗಳ್ಳರಿಗೆ 1958ರ ಸ್ಮಾರಕ ಕಾಯ್ದೆ ಇದೆ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ತಾನಾಗಿ ನಿಧಿ ಸಿಕ್ಕರೆ? 1878ರ ನಿಧಿ ಕಾಯ್ದೆ ಇನ್ನೂ ಇದೆ. ಕರ್ನಾಟಕಕ್ಕೆ 1962ರಲ್ಲಿ, ಕೇರಳಕ್ಕೆ 1968ರಲ್ಲಿ ತಮ್ಮದೇ ಕಾಯ್ದೆ ಬಂದಿದೆ. ಎಲ್ಲದರ ಸಾರ ಒಂದೇ: ಮುಚ್ಚಿಡದೆ ಅಧಿಕಾರಿಗಳಿಗೆ ತಿಳಿಸಬೇಕು. 2024ರ ಜುಲೈನಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರು ರಬ್ಬರ್ ತೋಟದಲ್ಲಿ ಮಳೆಗುಂಡಿ ತೋಡುತ್ತಿದ್ದಾಗ ಚಿನ್ನ ಬೆಳ್ಳಿಯ ಒಡವೆ, ನಾಣ್ಯ ತುಂಬಿದ ಪಾತ್ರೆ ಸಿಕ್ಕಿತು. ಮೊದಲು ಬಾಂಬ್ ಇರಬಹುದೆಂದು ಹೆದರಿದರು. ಆಮೇಲೆ ಪಂಚಾಯಿತಿಗೆ ತಿಳಿಸಿ ಒಪ್ಪಿಸಿದರು. ಅವರ ಕೈಯಲ್ಲಿ ಇದ್ದದ್ದು ಗುದ್ದಲಿ ಮಾತ್ರ.

ಹಾಗಾದರೆ ಯಂತ್ರವನ್ನು ಏನು ಮಾಡುವುದು?

ಬಿಸಾಡಬೇಕಾಗಿಲ್ಲ. ಸ್ವಂತ ಹೊಲದಲ್ಲಿ, ಕಣದಲ್ಲಿ, ಮಾಲೀಕರ ಒಪ್ಪಿಗೆಯಿದ್ದ ಬಯಲಲ್ಲಿ ಕಳೆದುಹೋದ ವಸ್ತು ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಭತ್ತದ ಗದ್ದೆಯಲ್ಲಿ ಬಿದ್ದ ಓಲೆ, ಹೊಳೆದಂಡೆಯಲ್ಲಿ ಜಾರಿದ ಉಂಗುರ, ಟ್ರ್ಯಾಕ್ಟರಿನ ಕಳಚಿದ ಪಿನ್ನು ಇವೆಲ್ಲ ಸಿಗುತ್ತವೆ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಹೇಳಿ ಹೋಗಿ, ಒಂದು ಕಿವಿ ಖಾಲಿ ಇಡಿ, ಗುಂಡಿ ಮುಚ್ಚಿ ಬನ್ನಿ. ಹಳೇ ಗಣಿಯ ಬಾಯಿಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ಇಷ್ಟನ್ನೂ ನಮ್ಮ ಹುಡುಗನಿಗೆ ಹೇಳಿದೆ. ಬ್ರೌ ಸ್ಮಿತ್ ಕತೆ ಕೇಳಿ ನಕ್ಕ. ಬಾವಿಗಾಳಿಯ ವಿಷಯ ಬಂದಾಗ ನಗಲಿಲ್ಲ. ಅವನ ದೊಡ್ಡಪ್ಪನ ಊರಿನಲ್ಲಿ ಅಂಥದ್ದೊಂದು ನಡೆದಿತ್ತಂತೆ. "ಸರಿ ಮಾಮಾ, ಅವರಿಗೂ ಹೇಳುತ್ತೇನೆ" ಎಂದು ಎದ್ದ.

ಮುಂದಿನ ಭಾನುವಾರ ಆ ನಾಲ್ವರೂ ಬಂದದ್ದು ನಮ್ಮ ಮನೆಗೇ. ರಸ್ತೆ ಮಾಡುವಾಗ ಮಣ್ಣು ಬಿದ್ದು ಹೂತುಹೋಗಿದ್ದ ಕುಡಿಯುವ ನೀರಿನ ಪೈಪಿನ ವಾಲ್ವ್ ಎಲ್ಲಿ ಎಂದು ನಮ್ಮ ಬೀದಿಯವರು ಎರಡು ವರ್ಷದಿಂದ ಹುಡುಕುತ್ತಿದ್ದೆವು. ಅರ್ಧ ಗಂಟೆಯಲ್ಲಿ ಯಂತ್ರ ಕೂಗಿತು. ಒಂದಡಿ ಅಗೆದರೆ ವಾಲ್ವ್ ಸಿಕ್ಕಿತು. ಎಲ್ಲರಿಗೂ ನನ್ನ ಮನೆಯಲ್ಲೇ ಚಹಾ ಆಯಿತು.